ಚಿಪ್ಸ್‌ಗೆ ಬೇರೆ ಆಲೂಗಡ್ಡೆನೇ ಯಾಕೆ ಬೇಕು? ‘ಚಿಪ್ಸೋನಾ’ ತಳಿ ಬಗ್ಗೆ ಬೆಳೆಯೋರು, ಕರಿಯೋರು ತಿಳಿದಿರಬೇಕಾದ ಮಾಹಿತಿ

ಹಾಸನ: ಅದೇ ಬಾಣಲೆ, ಅದೇ ಎಣ್ಣೆ, ಕರಿಯೋ ಕೈಯೂ ಅದೇ. ಆದ್ರೂ ಹೋದ ವಾರ ಬೆಳ್ಳಗೆ ಗರಿಗರಿಯಾಗಿ ಬಂದ ಚಿಪ್ಸ್ ಈ ವಾರ ಕಂದು ಬಣ್ಣಕ್ಕೆ ತಿರುಗಿ ಕಹಿ ಹೊಡೆಯುತ್ತೆ. ಹಾಟ್ ಚಿಪ್ಸ್ ಅಂಗಡಿ, ಕಾಂಡಿಮೆಂಟ್ಸ್ ನಡೆಸೋರಿಗೆ ಇದು ಹೊಸ ವಿಷಯ ಏನಲ್ಲ. ಎಣ್ಣೆ ಸರಿಯಿಲ್ಲ ಅಂತ ಟಿನ್ ಬದಲಾಯಿಸ್ತಾರೆ, ಉರಿ ಜಾಸ್ತಿ ಆಯ್ತು ಅಂತ ಹುಡುಗನ್ನ ಬೈತಾರೆ. ಬಹಳಷ್ಟು ಸಲ ಕಾರಣ ಇರೋದು ಗಡ್ಡೆಯ ಒಳಗೆ.

ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆ ಅಂದ್ರೆ ಹೆಚ್ಚಿನವರಿಗೆ ‘ಕುಫ್ರಿ ಜ್ಯೋತಿ’. ಸಾಂಬಾರಿಗೆ, ಪಲ್ಯಕ್ಕೆ, ಬೋಂಡಾಕ್ಕೆ ಅದೇ. ಮಂಡಿಯಲ್ಲಿ ವ್ಯಾಪಾರಸ್ಥರು ಬೆಲೆ ಕಟ್ಟೋದೂ ಹೆಚ್ಚಾಗಿ ಅದನ್ನೇ ನೋಡಿ. ಚಿಪ್ಸ್‌ಗೆ ಅಂತಲೇ ಬೆಳೆಸಿದ ತಳಿಗಳು ಬೇರೆ ಇವೆ. ಅವುಗಳಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ್ದು ಚಿಪ್ಸೋನಾ. ಈ ಹೆಸರು ಕೇಳಿ ಬೀಜ ಹಾಕೋಣ ಅನ್ನೋ ರೈತರಿಗೂ, ಈ ಗಡ್ಡೆ ಸಿಕ್ರೆ ತಗೊಳ್ಳೋಣ ಅನ್ನೋ ಅಂಗಡಿಯವರಿಗೂ ಮೊದಲೇ ಗೊತ್ತಿರಬೇಕಾದ ಕೆಲವು ಸಂಗತಿ ಇಲ್ಲಿವೆ.

ಎಲ್ಲಿಂದ ಬಂತು ಈ ತಳಿ?

ಶಿಮ್ಲಾದಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಇದೆ. ಅದರ ತಳಿಗಳಿಗೆಲ್ಲ ‘ಕುಫ್ರಿ’ ಅನ್ನೋ ಮನೆ ಹೆಸರು. ಕುಫ್ರಿ ಅನ್ನೋದು ಶಿಮ್ಲಾ ಪಕ್ಕದ ಬೆಟ್ಟದ ಊರು, ಸಂಸ್ಥೆಯ ತಳಿ ಕೆಲಸ ನಡೆಯೋ ಜಾಗ. ಜ್ಯೋತಿ ಬಿಡುಗಡೆ ಆಗಿದ್ದು 1968ರಲ್ಲಿ. ಆಗ ಚಿಪ್ಸ್ ಕಾರ್ಖಾನೆಯ ಯೋಚನೆ ಯಾರಿಗೂ ಇರಲಿಲ್ಲ. ಊಟದ ಗಡ್ಡೆ, ಅಂಗಮಾರಿ ತಡೀಬೇಕು, ಇಳುವರಿ ಬರಬೇಕು, ಅಷ್ಟೇ ಲೆಕ್ಕ.

1990ರ ದಶಕದಲ್ಲಿ ದೊಡ್ಡ ಚಿಪ್ಸ್ ಕಂಪನಿಗಳು ದೇಶದ ಒಳಗೆ ಬಂದಾಗ ಇಲ್ಲಿನ ಗಡ್ಡೆ ಅವರ ಯಂತ್ರಕ್ಕೆ ಹೊಂದಲಿಲ್ಲ. ನೀರು ಜಾಸ್ತಿ, ಕರಿದ್ರೆ ಕಂದು. ಆ ಕೊರತೆ ತುಂಬೋಕೆ ಸಂಸ್ಥೆ 1998ರಲ್ಲಿ ಕುಫ್ರಿ ಚಿಪ್ಸೋನಾ-1 ಮತ್ತು ಚಿಪ್ಸೋನಾ-2 ಬಿಡುಗಡೆ ಮಾಡಿತು. ಸಂಸ್ಕರಣೆಗೆ ಅಂತಲೇ ಭಾರತದಲ್ಲಿ ಅಭಿವೃದ್ಧಿ ಆದ ಮೊದಲ ತಳಿಗಳು ಇವು. ಆಮೇಲೆ ಚಿಪ್ಸೋನಾ-3 ಬಂತು, ಫ್ರೆಂಚ್ ಫ್ರೈಸ್‌ಗೆ ಅಂತ ಉದ್ದ ಗಡ್ಡೆಯ ಕುಫ್ರಿ ಫ್ರೈಸೋನಾ ಬಂತು, 2010ರ ಹೊತ್ತಿಗೆ ಚಿಪ್ಸೋನಾ-4 ಬಂತು. ಮೊದಲ ಎರಡು ತಳಿ ಮುಖ್ಯವಾಗಿ ಉತ್ತರದ ಗಂಗಾ ಬಯಲಿನ ಚಳಿಗಾಲದ ಬೆಳೆಗೆ ಅಂತ ಮಾಡಿದ್ದು. ಚಿಪ್ಸೋನಾ-4 ಅನ್ನು ಮಾತ್ರ ಕರ್ನಾಟಕ, ಪಶ್ಚಿಮ ಬಂಗಾಳ, ಮಧ್ಯಪ್ರದೇಶಕ್ಕೆ ಶಿಫಾರಸು ಮಾಡಿದ್ದಾರೆ. ಹಾಗಾಗಿ ಯಾರಾದ್ರೂ “ಚಿಪ್ಸೋನಾ ಬೀಜ ಇದೆ” ಅಂದ್ರೆ “ಯಾವ ನಂಬರ್?” ಅಂತ ಕೇಳೋದು ಮೊದಲ ಕೆಲಸ.

ನೋಡೋಕೆ ಹೇಗಿರುತ್ತೆ ಅಂದ್ರೆ: ದುಂಡು ಅಥವಾ ಮೊಟ್ಟೆಯಾಕಾರ, ಸಿಪ್ಪೆ ಬಿಳಿ-ಕೆನೆ ಬಣ್ಣ, ಕಣ್ಣುಗಳು ಆಳ ಇಲ್ಲ, ಒಳಗೆ ಬಿಳಿ. ಕಣ್ಣು ಆಳ ಇಲ್ಲದಿದ್ರೆ ಸಿಪ್ಪೆ ತೆಗೆಯುವಾಗ ಗಡ್ಡೆ ನಷ್ಟ ಕಡಿಮೆ. ದುಂಡಗಿದ್ರೆ ಹೋಳು ಒಂದೇ ಅಳತೆಗೆ ಬೀಳುತ್ತೆ. ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ಬರೀ ಕಣ್ಣಲ್ಲಿ ನೋಡಿ ಜ್ಯೋತಿಗೂ ಚಿಪ್ಸೋನಾಗೂ ವ್ಯತ್ಯಾಸ ಹೇಳೋದು ಕಷ್ಟ. ಬೀಜದಲ್ಲಿ ಮೋಸ ಆಗೋಕೆ ದಾರಿ ಇರೋದೇ ಅಲ್ಲಿ.

ಮೊದಲ ಗುಣ: ನೀರು ಕಡಿಮೆ, ಹಿಟ್ಟು ಜಾಸ್ತಿ

ಗಡ್ಡೆಯಲ್ಲಿ ಹೆಚ್ಚಿನ ಪಾಲು ನೀರು. ನೀರು ಬಿಟ್ಟು ಉಳಿಯೋದಕ್ಕೆ ಒಣ ಪದಾರ್ಥ ಅಂತಾರೆ. ಅದರಲ್ಲಿ ಬಹುಪಾಲು ಹಿಟ್ಟು, ಅಂದ್ರೆ ಪಿಷ್ಟ. ಊಟದ ಜ್ಯೋತಿಯಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ 17-18ರ ಆಸುಪಾಸು. ಚಿಪ್ಸ್‌ಗೆ 20ಕ್ಕಿಂತ ಮೇಲೆ ಇರಬೇಕು. ಚೆನ್ನಾಗಿ ಬಲಿತ ಚಿಪ್ಸೋನಾದಲ್ಲಿ 21, 22 ಸಿಗುತ್ತೆ.

ಮೂರ್ನಾಲ್ಕು ಅಂಕಿ ವ್ಯತ್ಯಾಸಕ್ಕೆ ಇಷ್ಟೊಂದು ಮಾತಾ ಅನ್ನಿಸಬಹುದು. ಅಂಗಡಿ ಲೆಕ್ಕ ಹಾಕಿ ನೋಡಿ. 100 ಕೆಜಿ ಗಡ್ಡೆಯಲ್ಲಿ ಒಂದರಲ್ಲಿ 17 ಕೆಜಿ ಗಟ್ಟಿ ಪದಾರ್ಥ, ಇನ್ನೊಂದರಲ್ಲಿ 21 ಕೆಜಿ. ಕರಿದ ಚಿಪ್ಸ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ ಇರುತ್ತೆ, ನೀರು ಅಂತ ಉಳಿಯೋದು ನೂರಕ್ಕೆ ಎರಡರಷ್ಟು. ಸಿಪ್ಪೆ, ಚೂರು ಕಳೆಯದೆ ಲೆಕ್ಕ ಹಾಕಿದ್ರೆ ಮೊದಲ ಗಡ್ಡೆಯಿಂದ 26 ಕೆಜಿ ಚಿಪ್ಸ್, ಎರಡನೆಯದರಿಂದ 32 ಕೆಜಿ. ಒಂದೇ ತೂಕದ ಗಡ್ಡೆಗೆ ಆರು ಕೆಜಿ ಚಿಪ್ಸ್ ಹೆಚ್ಚು. ಗಡ್ಡೆಗೆ ಕೆಜಿಗೆ ಒಂದೆರಡು ರೂಪಾಯಿ ಜಾಸ್ತಿ ಕೊಟ್ರೂ ಯಾಕೆ ಲಾಭ ಅಂತ ಇದರಲ್ಲೇ ಗೊತ್ತಾಗುತ್ತೆ.

ಇಷ್ಟಕ್ಕೇ ಮುಗಿಯಲ್ಲ. ಹೋಳಿನಿಂದ ನೀರು ಆವಿಯಾಗಿ ಹೋದ ಜಾಗಕ್ಕೆ ಎಣ್ಣೆ ಸೇರುತ್ತೆ. ನೀರು ಜಾಸ್ತಿ ಇದ್ದ ಗಡ್ಡೆ ಎಣ್ಣೆಯನ್ನೂ ಜಾಸ್ತಿ ಕುಡಿಯುತ್ತೆ. ಆ ನೀರು ಆವಿ ಮಾಡೋಕೆ ಗ್ಯಾಸೂ ಜಾಸ್ತಿ ಬೇಕು. ಎಣ್ಣೆ ರೇಟು ಏರಿದಾಗೆಲ್ಲ ಚಿಪ್ಸ್ ಅಂಗಡಿಯವರಿಗೆ ಹೊಡೆತ ಬೀಳೋದು ಇಲ್ಲೇ.

ಎರಡನೇ ಗುಣ: ಸಕ್ಕರೆ

ಬಣ್ಣ ಕೆಡಿಸೋದು ಇದು. ಗಡ್ಡೆಯಲ್ಲಿ ಗ್ಲುಕೋಸ್, ಫ್ರಕ್ಟೋಸ್ ಅನ್ನೋ ಸಕ್ಕರೆ ಸ್ವಲ್ಪ ಇದ್ದೇ ಇರುತ್ತೆ. ಕಾದ ಎಣ್ಣೆಯಲ್ಲಿ ಈ ಸಕ್ಕರೆ ಗಡ್ಡೆಯಲ್ಲೇ ಇರೋ ಅಮೈನೋ ಆಮ್ಲಗಳ ಜೊತೆ ಸೇರಿ ಕಂದು ಬಣ್ಣ ಕೊಡುತ್ತೆ. ಬ್ರೆಡ್ಡಿನ ಮೇಲ್ಭಾಗ ಕೆಂಪಗಾಗೋದೂ ಇದೇ ಕ್ರಿಯೆಯಿಂದ. ಸ್ವಲ್ಪ ಆದ್ರೆ ರುಚಿ, ಹೆಚ್ಚಾದ್ರೆ ಕಹಿ. ಭಾರತದಲ್ಲಿ ಚಿಪ್ಸ್‌ಗೆ ಒಪ್ಪೋ ಮಿತಿ 100 ಗ್ರಾಂ ಹಸಿ ಗಡ್ಡೆಗೆ 100 ಮಿಲಿಗ್ರಾಂ, ಅಂದ್ರೆ ನೂರಕ್ಕೆ 0.1. ಚಿಪ್ಸೋನಾ ಆರಿಸಿದ್ದೇ ಈ ಮಿತಿಯ ಒಳಗೆ ನಿಲ್ಲುತ್ತೆ ಅಂತ.

ಬಣ್ಣ ಮಾತ್ರ ಅಂದುಕೊಂಡು ಸುಮ್ಮನಾಗೋ ಹಾಗಿಲ್ಲ. ಇದೇ ಕ್ರಿಯೆಯಲ್ಲಿ ಅಕ್ರಿಲಮೈಡ್ ಅನ್ನೋ ರಾಸಾಯನಿಕ ಹುಟ್ಟುತ್ತೆ, ಕರಿದ ಆಲೂಗಡ್ಡೆಯಲ್ಲಿ ಅದು ಇದೆ ಅಂತ 2002ರಲ್ಲಿ ಸ್ವೀಡನ್ ವಿಜ್ಞಾನಿಗಳು ತೋರಿಸಿದರು. ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಪಟ್ಟಿಯಲ್ಲಿ ಅದು ಇದೆ. ಕಪ್ಪಗೆ ಸೀದ ಚಿಪ್ಸನ್ನ ಉಪ್ಪು-ಖಾರ ಹಾಕಿ ಮಾರಿಬಿಡೋಣ ಅನ್ನೋರು ಇದನ್ನ ನೆನಪಿಟ್ಟುಕೊಳ್ಳಿ, ಕೊಳ್ಳೋರಲ್ಲಿ ಮಕ್ಕಳೇ ಜಾಸ್ತಿ.

ಕೋಲ್ಡ್ ಸ್ಟೋರೇಜ್‌ನಲ್ಲಿ ಆಗೋದೇನು?

ಹೋದ ವಾರ ಬಿಳಿ, ಈ ವಾರ ಕಂದು ಅನ್ನೋದಕ್ಕೆ ಉತ್ತರ ಹೆಚ್ಚಾಗಿ ಇಲ್ಲಿ ಸಿಗುತ್ತೆ. ಬಿತ್ತನೆ ಗಡ್ಡೆ ಮತ್ತು ಮಾಮೂಲಿ ದಾಸ್ತಾನನ್ನು 2ರಿಂದ 4 ಡಿಗ್ರಿ ಚಳಿಯಲ್ಲಿ ಇಡ್ತಾರೆ. ಮೊಳಕೆ ಬರಲ್ಲ, ತಿಂಗಳುಗಟ್ಟಲೆ ಇರುತ್ತೆ. ಆದ್ರೆ ಅಷ್ಟು ಚಳಿಯಲ್ಲಿ ಗಡ್ಡೆ ತನ್ನ ಹಿಟ್ಟನ್ನು ಸಕ್ಕರೆ ಮಾಡಿಕೊಳ್ಳೋಕೆ ಶುರು ಮಾಡುತ್ತೆ. ಕೆಲವು ಸಲ ಪಲ್ಯ ಸಿಹಿ ಸಿಹಿ ಅನ್ನಿಸೋದು ಇದಕ್ಕೇ. ಪಲ್ಯಕ್ಕೆ ತೊಂದರೆ ಇಲ್ಲ, ಬಾಣಲೆಗೆ ಬಿದ್ರೆ ಕಂದು. ಮನೆ ಫ್ರಿಜ್‌ನಲ್ಲಿ ಗಡ್ಡೆ ಇಟ್ರೂ ಇದೇ ಕಥೆ.

ಚಿಪ್ಸ್ ಗಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿ ಇಡಬೇಕು. ಅಷ್ಟು ಬೆಚ್ಚಗಿದ್ರೆ ಮೊಳಕೆ ಬರುತ್ತಲ್ಲ, ಅದಕ್ಕೆ ಸಿಐಪಿಸಿ ಅನ್ನೋ ಔಷಧಿಯನ್ನು ಹೊಗೆಯ ಹಾಗೆ ಸ್ಟೋರೇಜ್ ಒಳಗೆ ಬಿಡ್ತಾರೆ. ಇಲ್ಲಿ ರೈತರು ಗಮನಿಸಬೇಕಾದ್ದು ಒಂದಿದೆ. ಆ ಔಷಧಿ ಮೊಳಕೆಯನ್ನೇ ತಡೆಯೋದು. ಚಿಪ್ಸ್ ಸ್ಟೋರೇಜ್‌ನಿಂದ ಹೊರಬಂದ ಗಡ್ಡೆಯನ್ನ ಯಾರಾದ್ರೂ “ಚಿಪ್ಸೋನಾ ಬೀಜ, ಕಡಿಮೆ ರೇಟು” ಅಂತ ಕೊಟ್ರೆ ಹೊಲದಲ್ಲಿ ಅದು ಸರಿಯಾಗಿ ಹುಟ್ಟಲ್ಲ. ಹಾಗೇ ಬಿತ್ತನೆಗೆ ಅಂತ ಔಷಧಿಯಲ್ಲಿ ಅದ್ದಿದ ಗಡ್ಡೆ ಮಿಕ್ಕಿದೆ ಅಂತ ಅಂಗಡಿಗೆ ಮಾರೋದು, ತಿನ್ನೋದು ಕೂಡದು.

ಚಳಿ ದಾಸ್ತಾನಿನ ಗಡ್ಡೆ ತಗೊಂಡಾಗಿದೆ, ಈಗೇನು ಮಾಡೋದು? ಕತ್ತಲೆ ಇರೋ, ಗಾಳಿಯಾಡೋ ಕೋಣೆಯಲ್ಲಿ 18-20 ಡಿಗ್ರಿ ಸುಮಾರಿಗೆ ಎರಡು-ಮೂರು ವಾರ ಹರಡಿಟ್ರೆ ಸಕ್ಕರೆ ಒಂದಿಷ್ಟು ಇಳಿಯುತ್ತೆ. ಪೂರ್ತಿ ಇಳಿಯುತ್ತೆ ಅನ್ನೋ ಭರವಸೆ ಇಲ್ಲ, ಅಷ್ಟರಲ್ಲಿ ಮೊಳಕೆಯೂ ಬರಬಹುದು. ಹೋಳುಗಳನ್ನ ಬಿಸಿ ನೀರಲ್ಲಿ ಎರಡು-ಮೂರು ನಿಮಿಷ ಅದ್ದಿ ತೆಗೆದ್ರೆ ಮೇಲಿನ ಸಕ್ಕರೆ ಹೋಗುತ್ತೆ, ಜೊತೆಗೆ ರುಚಿಯೂ ಸ್ವಲ್ಪ ಹೋಗುತ್ತೆ. ಬರೀ ತಣ್ಣೀರಲ್ಲಿ ತೊಳೆದ್ರೆ ಹೋಳು ಒಂದಕ್ಕೊಂದು ಅಂಟಲ್ಲ ಅಷ್ಟೇ, ಬಣ್ಣಕ್ಕೆ ಹೆಚ್ಚು ಉಪಯೋಗ ಇಲ್ಲ.

ಮೂಟೆ ಕೊಳ್ಳೋ ಮೊದಲು ಎರಡು ಪರೀಕ್ಷೆ

ಲ್ಯಾಬ್ ಬೇಡ. ಮೊದಲನೆಯದು ಉಪ್ಪು ನೀರಿನ ಪರೀಕ್ಷೆ. 8 ಲೀಟರ್ ನೀರಿಗೆ 1 ಕೆಜಿ ಪುಡಿ ಉಪ್ಪು ಹಾಕಿ ಪೂರ್ತಿ ಕರಗಿಸಿ. ಮಣ್ಣು ತೊಳೆದು ಒರೆಸಿದ ಹತ್ತಿಪ್ಪತ್ತು ಗಡ್ಡೆ ಒಂದೊಂದಾಗಿ ಬಿಡಿ. ಮುಳುಗಿದ್ದರಲ್ಲಿ ಒಣ ಪದಾರ್ಥ ಹೆಚ್ಚುಕಡಿಮೆ ನೂರಕ್ಕೆ 20 ಅಥವಾ ಅದಕ್ಕಿಂತ ಮೇಲೆ. ತೇಲಿದ್ದರಲ್ಲಿ ನೀರು ಜಾಸ್ತಿ. ಆ ನೀರಿನ ಸಾಂದ್ರತೆ ಸುಮಾರು 1.08 ಬರುತ್ತೆ, ಕಾರ್ಖಾನೆಗಳು ನೋಡೋದೂ ಇದೇ ಅಂಕಿ ಸುತ್ತ. ಒಳಗೆ ಟೊಳ್ಳು ಇದ್ದ ಗಡ್ಡೆ ಹಿಟ್ಟು ಚೆನ್ನಾಗಿದ್ರೂ ತೇಲುತ್ತೆ, ಹಾಗಾಗಿ ತೇಲಿದ ದಪ್ಪ ಗಡ್ಡೆಯನ್ನ ಮಧ್ಯಕ್ಕೆ ಕೊಯ್ದು ನೋಡಿ. ಪರೀಕ್ಷೆ ಆದ ಗಡ್ಡೆ ತೊಳೆದು ಅಡುಗೆಗೆ ಹಾಕಿಕೊಳ್ಳಬಹುದು.

ಎರಡನೆಯದು ಕರಿದು ನೋಡೋದು. ಮೂಟೆಯ ಮೇಲಿಂದ, ಮಧ್ಯದಿಂದ, ತಳದಿಂದ ನಾಲ್ಕೈದು ಗಡ್ಡೆ ತೆಗೆದು, ಪ್ರತಿಯೊಂದರ ಮಧ್ಯದಿಂದ ಎರಡು ಹೋಳು ಮಾಡಿ, ಸುಮಾರು 180 ಡಿಗ್ರಿ ಕಾದ ಎಣ್ಣೆಯಲ್ಲಿ ಗುಳ್ಳೆ ನಿಲ್ಲೋ ತನಕ ಕರಿಯಿರಿ. ಎಲ್ಲಾ ಒಂದೇ ತಿಳಿ ಬಣ್ಣ ಬಂದ್ರೆ ಮೂಟೆ ತಗೊಳ್ಳಿ. ಒಂದು ಬಿಳಿ ಒಂದು ಕಂದು ಬಂದ್ರೆ ಬೇರೆ ಬೇರೆ ಲಾಟ್ ಬೆರೆಸಿದ್ದಾರೆ ಅಂತ ಅನುಮಾನ ಪಡಬಹುದು. ಅಂಚು ಮಾತ್ರ ಕೆಂಪು, ಒಂದು ತುದಿ ಮಾತ್ರ ಕಪ್ಪು ಬಂದ್ರೆ ಬಲಿಯೋ ಮೊದಲೇ ಕಿತ್ತಿರಬಹುದು, ಇಲ್ಲ ಹೊಲದಲ್ಲಿ ನೀರಿನ ಏರುಪೇರು ಆಗಿರಬಹುದು. ಹತ್ತು ನಿಮಿಷದ ಕೆಲಸ. ಐವತ್ತು ಮೂಟೆ ಇಳಿಸಿಕೊಂಡ ಮೇಲೆ ಮಾಡೋದಕ್ಕಿಂತ ಮೊದಲು ಮಾಡೋದು ಒಳ್ಳೇದು.

ಹಸಿರು ಬಿದ್ದ ಗಡ್ಡೆ ಬಂದ್ರೆ ಪಕ್ಕಕ್ಕಿಡಿ. ಬಿಸಿಲು ಬಿದ್ದಾಗ ಹಸಿರಿನ ಜೊತೆ ಸೋಲನಿನ್ ಅನ್ನೋ ವಿಷವೂ ಹೆಚ್ಚುತ್ತೆ, ಕರಿದ್ರೆ ಅದು ಹೋಗಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲಿ ‘ಲೆನಾಪೆ’ ಅಂತ ಒಂದು ಚಿಪ್ಸ್ ತಳಿ ಬಂದಿತ್ತು. ಚಿಪ್ಸ್ ಬಣ್ಣ ಅದ್ಭುತ. ಹುಟ್ಟುಗುಣದಲ್ಲೇ ಈ ವಿಷದ ಅಂಶ ಜಾಸ್ತಿ ಅಂತ ಗೊತ್ತಾಗಿ 1970ರಲ್ಲಿ ವಾಪಸ್ ತಗೊಂಡರು. ಅದರದೇ ಸಂತಾನ ‘ಅಟ್ಲಾಂಟಿಕ್’, ಅದರಲ್ಲಿ ಆ ತೊಂದರೆ ಇರಲಿಲ್ಲ. 1976ರಲ್ಲಿ ಬಿಡುಗಡೆ ಆಗಿ ಜಗತ್ತಿನ ಚಿಪ್ಸ್ ಕಂಪನಿಗಳ ಮೆಚ್ಚಿನ ತಳಿ ಆಯ್ತು. ಭಾರತದಲ್ಲೂ ಗುತ್ತಿಗೆಯಲ್ಲಿ ಬೆಳೆದಿದ್ದಾರೆ.

ಹೊಲದಲ್ಲಿ ಏನು ಬದಲಾಗುತ್ತೆ?

ದೇಶದ ಹೆಚ್ಚಿನ ಆಲೂಗಡ್ಡೆ ಚಳಿಗಾಲದ ಬೆಳೆ. ನಮ್ಮದು ಮುಂಗಾರು ಬೆಳೆ, ಮೇ-ಜೂನ್ ಬಿತ್ತನೆ, ಆಗಸ್ಟ್-ಸೆಪ್ಟೆಂಬರ್ ಕೀಳೋದು. ಉತ್ತರದಲ್ಲಿ ಹೊಲದ ಹೊಸ ಗಡ್ಡೆ ಇಲ್ಲದೆ ಎಲ್ಲರೂ ಸ್ಟೋರೇಜ್ ಗಡ್ಡೆ ನೆಚ್ಚಿಕೊಂಡ ತಿಂಗಳಲ್ಲಿ ನಮ್ಮಲ್ಲಿ ತಾಜಾ ಗಡ್ಡೆ ಸಿಗುತ್ತೆ. ಚಿಪ್ಸ್ ಕಂಪನಿಗಳು ದಕ್ಷಿಣದ ಮುಂಗಾರು ಬೆಳೆ ಕಡೆ ನೋಡೋಕೆ ಇದೂ ಒಂದು ಕಾರಣ.

ಅದೇ ಮುಂಗಾರು ತೊಂದರೆಯನ್ನೂ ತರುತ್ತೆ. ಮೋಡ, ಸತತ ಮಳೆ ಇದ್ರೆ ಗಡ್ಡೆಯಲ್ಲಿ ಹಿಟ್ಟು ತುಂಬಲ್ಲ. ಉತ್ತರದ ನೀರಾವರಿ ಹೊಲದಲ್ಲಿ ಚಿಪ್ಸೋನಾ ಹೆಕ್ಟೇರ್‌ಗೆ 30 ಟನ್ ಮೇಲೆ ಕೊಡುತ್ತೆ ಅನ್ನೋ ಲೆಕ್ಕವನ್ನ ನಮ್ಮ ಮಳೆಯಾಶ್ರಿತ ಹೊಲಕ್ಕೆ ಹಾಕಿ ಸಾಲ ಮಾಡಬಾರದು. ಇನ್ನು ಅಂಗಮಾರಿ. ಚಿಪ್ಸೋನಾಗೆ ಹೊಲದಲ್ಲಿ ಅಂಗಮಾರಿ ತಡೆಯೋ ಶಕ್ತಿ ಇದೆ ಅಂತ ಸಂಸ್ಥೆ ಹೇಳುತ್ತೆ. ಜ್ಯೋತಿ ಬಂದಾಗಲೂ ಹಾಗೇ ಹೇಳಿದ್ರು, ರೋಗಾಣು ಬದಲಾಗ್ತಾ ಬಂತು, ಆ ಶಕ್ತಿ ಕಳೆದುಹೋಯ್ತು. ನಿರೋಧಕ ತಳಿ ಅಂತ ಔಷಧಿ ಸಿಂಪಡಣೆ ಬಿಡೋ ಹಾಗಿಲ್ಲ. ಮೋಡ ಕವಿದು ತಂಪು ಹಿಡಿದಾಗ, ಎಲೆ ಮೇಲೆ ಚುಕ್ಕೆ ಕಾಣೋ ಮೊದಲೇ ಮ್ಯಾಂಕೋಜೆಬ್ ಥರದ್ದು ಹೊಡೆದಿರಬೇಕು.

ದಿನದ ಲೆಕ್ಕ ಮುಖ್ಯ. ಚಿಪ್ಸೋನಾ ಬಲಿಯೋಕೆ 100ರಿಂದ 110 ದಿನ ಬೇಕು. ರೇಟು ಬಂತು ಅಂದ್ರೆ 80 ದಿನಕ್ಕೇ ಕಿತ್ತು ಮಂಡಿಗೆ ಹಾಕೋದು ನಮ್ಮ ಕಡೆ ಇದ್ದಿದ್ದೇ. ಜ್ಯೋತಿಗೆ ಅದು ನಡೆಯುತ್ತೆ. ಚಿಪ್ಸ್ ಗಡ್ಡೆಯನ್ನು ಎಳೆಯದರಲ್ಲೇ ಕಿತ್ರೆ ಸಕ್ಕರೆ ಜಾಸ್ತಿ, ಹಿಟ್ಟು ಕಡಿಮೆ. ತಳಿ ಚಿಪ್ಸೋನಾ ಆದ್ರೂ ಗಡ್ಡೆ ಚಿಪ್ಸ್‌ಗೆ ಆಗಲ್ಲ. ಕೀಳೋ ಹತ್ತು-ಹದಿನೈದು ದಿನ ಮೊದಲು ನೀರು ನಿಲ್ಲಿಸಿ, ಗಿಡದ ಸೊಪ್ಪು ಕತ್ತರಿಸಿ ಬಿಟ್ರೆ ಸಿಪ್ಪೆ ಗಟ್ಟಿಯಾಗುತ್ತೆ, ಸಾಗಣೆಯಲ್ಲಿ ತರಚಲ್ಲ. ಮಳೆ ಬಿಡದೇ ಇದ್ರೆ ಈ ಕೆಲಸ ಆಗಲ್ಲ, ಅದು ನಮ್ಮ ಕೈಲಿಲ್ಲ.

ಗೊಬ್ಬರದಲ್ಲಿ ಯೂರಿಯಾ ತಡವಾಗಿ ಮತ್ತು ಅತಿಯಾಗಿ ಕೊಟ್ರೆ ಸೊಪ್ಪು ಹಸಿರಾಗೇ ಇರುತ್ತೆ, ಗಡ್ಡೆ ಬಲಿಯಲ್ಲ. ಪೊಟ್ಯಾಷ್ ಕೊಡುವಾಗ ಸಾಮಾನ್ಯ ಕೆಂಪು ಪೊಟ್ಯಾಷ್‌ನಲ್ಲಿರೋ ಕ್ಲೋರೈಡ್ ಒಣ ಪದಾರ್ಥವನ್ನ ತಗ್ಗಿಸುತ್ತೆ. ಸಲ್ಫೇಟ್ ರೂಪದ ಪೊಟ್ಯಾಷ್ ಉತ್ತಮ, ದುಬಾರಿ ನಿಜ.

ಬೀಜ, ಕಂಪನಿ, ಕಾಗದ

ನಮ್ಮ ಮುಂಗಾರು ಬೆಳೆಗೆ ಬೀಜ ಬಹುತೇಕ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಎಪಿಎಂಸಿಗೆ ಬರುತ್ತೆ. ಮೂಟೆ ಮೇಲೆ ಹೆಸರು ಬರೆದಿದ್ರೆ ಸಾಲದು, ಪ್ರಮಾಣೀಕರಣದ ಚೀಟಿ, ಲಾಟ್ ನಂಬರ್, ಬಿಲ್ ಇಟ್ಟುಕೊಳ್ಳಿ. ಹೊರಗಿನ ಬೀಜದ ಮೇಲಿನ ಅವಲಂಬನೆ ತಪ್ಪಿಸೋಕೆ ಎಆರ್‌ಸಿ ಅಂತ ಕರೆಯೋ ಕುಡಿ ಕಾಂಡದ ಸಸಿ ವಿಧಾನವನ್ನು ಹಾಸನ ಹತ್ತಿರದ ಸೋಮನಹಳ್ಳಿ ಕಾವಲಿನ ತೋಟಗಾರಿಕಾ ಕೇಂದ್ರ ಪ್ರಚಾರ ಮಾಡ್ತಿದೆ. ರೋಗ ಇಲ್ಲದ ಸಸಿಯಿಂದ ನಮ್ಮ ಹೊಲದಲ್ಲೇ ಬೀಜದ ಗಡ್ಡೆ ಮಾಡಿಕೊಳ್ಳೋ ದಾರಿ ಅದು. ಯಾವ ತಳಿಯ ಸಸಿ ಸಿಗುತ್ತೆ ಅಂತ ಅಲ್ಲಿ ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಚಿಪ್ಸೋನಾ ಸರ್ಕಾರಿ ಸಂಸ್ಥೆಯ ತಳಿ. ಕೆಲವು ಚಿಪ್ಸ್ ತಳಿಗಳು ಕಂಪನಿಯವರ ಹೆಸರಲ್ಲಿ ನೋಂದಣಿ ಆಗಿರ್ತವೆ, ಅಲ್ಲಿ ಎಚ್ಚರ ಬೇಕು. 2019ರಲ್ಲಿ ಗುಜರಾತಿನ ರೈತರು ತನ್ನ ಎಫ್‌ಸಿ-5 ತಳಿ ಅನುಮತಿ ಇಲ್ಲದೆ ಬೆಳೆದರು ಅಂತ ಪೆಪ್ಸಿಕೋ ಕೋರ್ಟಿಗೆ ಹೋಗಿ, ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತ್ತು. ದೇಶದೆಲ್ಲೆಡೆ ವಿರೋಧ ಬಂದ ಮೇಲೆ ಅದೇ ವರ್ಷ ಮೇನಲ್ಲಿ ಕೇಸು ವಾಪಸ್ ತಗೊಂಡಿತು. 2021ರ ಡಿಸೆಂಬರ್‌ನಲ್ಲಿ ತಳಿ ಸಂರಕ್ಷಣಾ ಪ್ರಾಧಿಕಾರ ಆ ನೋಂದಣಿ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ ಕಂಪನಿ ಪರ ತೀರ್ಪು ಕೊಟ್ಟು ರದ್ದತಿಯನ್ನು ತಳ್ಳಿಹಾಕಿತು. ಇಷ್ಟರ ಮಧ್ಯೆ 2001ರ ಕಾಯ್ದೆಯ 39ನೇ ಕಲಂ ಹಾಗೇ ಇದೆ. ಅದರ ಪ್ರಕಾರ ರೈತ ತನ್ನ ಬೆಳೆಯ ಬೀಜವನ್ನು ಇಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಿಕೊಳ್ಳಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಬೀಜ ಅಂತ ಮಾರೋ ಹಾಗಿಲ್ಲ, ಅಷ್ಟೇ.

ಗುತ್ತಿಗೆಗೆ ಸಹಿ ಹಾಕೋ ಮೊದಲು ರೇಟಿನ ಜೊತೆಗೆ ತಿರಸ್ಕಾರದ ಷರತ್ತನ್ನೂ ಓದಿ. ಚಿಪ್ಸ್‌ಗೆ ಸಾಮಾನ್ಯವಾಗಿ 45ರಿಂದ 80 ಮಿಲಿಮೀಟರ್ ಅಡ್ಡಳತೆಯ ಗಡ್ಡೆ ಕೇಳ್ತಾರೆ. ಅದಕ್ಕಿಂತ ಸಣ್ಣದು ಯಾರಿಗೆ? ಒಣ ಪದಾರ್ಥ ಎಷ್ಟಕ್ಕಿಂತ ಕಡಿಮೆ ಆದ್ರೆ ಲಾರಿ ವಾಪಸ್? ಸ್ಯಾಂಪಲ್ ತೆಗೆಯೋದು ಹೊಲದಲ್ಲಾ, ಕಾರ್ಖಾನೆ ಗೇಟಲ್ಲಾ? ಗೇಟಲ್ಲಿ ತಿರಸ್ಕರಿಸಿದ್ರೆ ವಾಪಸ್ ಬಾಡಿಗೆ ಯಾರದು? ದುಡ್ಡು ಎಷ್ಟು ದಿನಕ್ಕೆ? ಬೀಜ ಸಾಲದ ಮೇಲೆ ಕೊಟ್ಟಿದ್ರೆ ಬೆಳೆ ಅಂಗಮಾರಿಗೆ ಹೋದಾಗ ಆ ಸಾಲದ ಗತಿ ಏನು? ಇದಕ್ಕೆಲ್ಲ ಕಾಗದದಲ್ಲಿ ಉತ್ತರ ಇರಬೇಕು. ಏಜೆಂಟರ ಬಾಯಿ ಮಾತು ಕೋರ್ಟಲ್ಲಿ ನಿಲ್ಲಲ್ಲ.

ಕೊಳ್ಳೋರು ಮೊದಲೇ ಗೊತ್ತಾಗದೆ ಬರೀ ಹೆಸರು ಕೇಳಿ ಚಿಪ್ಸೋನಾ ಹಾಕೋದು ಬೇಡ ಅನ್ನೋದು ನಮ್ಮ ಅಭಿಪ್ರಾಯ. ಮಂಡಿಯಲ್ಲಿ ಅದನ್ನ ಚಿಪ್ಸ್ ಗಡ್ಡೆ ಅಂತ ಪ್ರತ್ಯೇಕ ರೇಟು ಕಟ್ಟಿ ಕೊಳ್ಳೋರು ಇಲ್ಲದಿದ್ರೆ ಊಟದ ಗಡ್ಡೆ ಜೊತೆಗೇ ಹೋಗುತ್ತೆ, ಹೆಚ್ಚಿನ ದಿನ ಕಾದಿದ್ದಕ್ಕೆ ಬೆಲೆ ಸಿಗಲ್ಲ. ತಾಲ್ಲೂಕಿನ ನಾಲ್ಕೈದು ಚಿಪ್ಸ್ ಅಂಗಡಿಯವರು ಸೇರಿ ಒಬ್ಬಿಬ್ಬರು ರೈತರ ಹತ್ತಿರ ಮೊದಲೇ ಮಾತಾಡಿಕೊಂಡ್ರೆ ಆಗ ಮಾತು ಬೇರೆ. ಎರಡೂ ಕಡೆಯವರಿಗೆ ಲಾರಿ ಬಾಡಿಗೆ, ಸ್ಟೋರೇಜ್ ಬಾಡಿಗೆ ಉಳಿಯುತ್ತೆ, ಗಡ್ಡೆಯೂ ತಾಜಾ.

ಕಂಪನಿ ಬಿಟ್ಟ ಲಾಟ್ ಸಂತೆಗೆ ಬಂದು ನಿಮ್ಮ ಮನೆ ಸೇರಿದ್ರೆ ಗಾಬರಿ ಬೇಡ, ತಿನ್ನೋಕೆ ಒಳ್ಳೇ ಗಡ್ಡೆನೇ. ಹಿಟ್ಟು ಜಾಸ್ತಿ ಇರೋದ್ರಿಂದ ಬೆಂದಾಗ ಹುಡಿ ಹುಡಿಯಾಗುತ್ತೆ. ಸಾಂಬಾರಿಗೆ ಹೋಳು ಹಾಕಿದ್ರೆ ಕರಗಿ ಗಸಿ ಆಗಬಹುದು. ಮಸಾಲೆ ದೋಸೆ ಪಲ್ಯಕ್ಕೆ, ಬೋಂಡಾಕ್ಕೆ, ಪರೋಟಾ ಹೂರಣಕ್ಕೆ ಜ್ಯೋತಿಗಿಂತ ಚೆನ್ನಾಗಿ ಕೂರುತ್ತೆ.